ಸಮುದ್ರ ಉಕ್ಕುವ ಹೊತ್ತಿಗೆ ರಾಜೀವಿ

ನಲ್ಲಿಯಲ್ಲಿ ನೀರು ಬರುವ ಮೊದಲೇ ಏಳುವುದು. ಡ್ರಮ್ಮು, ಕೊಡ, ಬಕೆಟ್ಟು ತುಂಬುವುದು. ಹುದುಗಿದ ಹಿಟ್ಟಿಗೆ ಉಪ್ಪು ಹಾಕಿ ಇಡ್ಲಿ ಬೇಯಲಿಡುವುದು. ಮಗಳು ಯಕ್ಷಿತಾಳ ಆಫೀಸಿನ ಡಬ್ಬಿಗೆ ಚಪಾತಿ, ಪಲ್ಯ. ಗಂಡ ಅಣ್ಣುವಿನ ಬಿಳಿ ಶರ್ಟಿಗೆ ಇಸ್ತ್ರಿ. ನಡುನಡುವೆ ಹಾಲಿನ ಮೇಲೊಂದು ಕಣ್ಣು. ಭಾಂಡುಪ್‌ನ ಸಾಲುಮನೆಗಳ ಚಾಳಿಗೆ ಬೆಳಕು ಇಳಿಯುವಷ್ಟರಲ್ಲಿ ರಾಜೀವಿಯ ಅರ್ಧ ದಿನ ಮುಗಿದಿರುತ್ತಿತ್ತು.

ಈಚೆಗೆ ಮಾತ್ರ ಅವಳು ಈ ಕೆಲಸವನ್ನೆಲ್ಲ ಗುನುಗುತ್ತಾ ಮಾಡುತ್ತಿದ್ದಳು. ಮಧ್ಯಾಹ್ನ ಹನ್ನೆರಡಕ್ಕೆ ಟಿವಿಯಲ್ಲಿ ಹಳೆಯ ವಿದೇಶಿ ಧಾರಾವಾಹಿಯೊಂದು ಹಿಂದಿಯಲ್ಲಿ ಬರುತ್ತಿತ್ತು. ದೀಪಸ್ತಂಭ ಕಾಯುವ ಹೆಂಗಸೊಬ್ಬಳು ಅಲ್ಲಿನ ಬಾಗಿಲು ತೆರೆದು ಇನ್ನೊಂದು ಭೂಮಿಗೆ ಹೋಗಿ ಸಿಕ್ಕಿಬೀಳುತ್ತಾಳೆ. ಅಲ್ಲಿಯೂ ಅವಳ ಊರಿನವರೇ, ಅವೇ ಮುಖಗಳು. ಬದುಕು ಮಾತ್ರ ಬೇರೆ. ಆದರೆ ಆ ಭೂಮಿಯ ಸಮುದ್ರ ಉಕ್ಕಿ ಊರನ್ನೇ ನುಂಗುತ್ತಿದೆ.

ಸಂಜೆ ಮೆಂತ್ಯೆಸೊಪ್ಪು ಬಿಡಿಸುತ್ತಾ ಪಕ್ಕದ ಖೋಲಿಯ ಗುರುಬಾಯಿಗೆ ಅವತ್ತಿನ ಕಥೆ ಹೇಳಬೇಕು. ವಿಜಯಪುರದ ಗುರುಬಾಯಿ ಹಗಲೆಲ್ಲ ಮನೆಗೆಲಸಕ್ಕೆ ಹೋಗುವವಳು.

"ಆಮ್ಯಾಗ ಏನಾತ್ರೀ ಅಕ್ಕಾರ? ಆ ಕೆಂಪ್ ಕೂದಲಿನಾಕಿ ಮುಳುಗಿದ್ಲೇನು?"

"ಮುಳುಗುವುದೆಂತ ಮಾರಾಯ್ತಿ! ಈ ಭೂಮಿಯಲ್ಲಿ ದೀಪಸ್ತಂಭದವಳ ಪಕ್ಕದ ಮನೆಯಲ್ಲಿ ಚಹಾ ಮಾಡಿಕೊಂಡಿದ್ದವಳು, ಅಲ್ಲಿ ಹಡಗಿನ ಕ್ಯಾಪ್ಟನ್!"

"ಹಂಗಾರ ಅಲ್ಲಿ ಚಾ ಯಾರ್ ಮಾಡ್ತಾರ?"

"ನಾನೂ ಅದನ್ನೇ ಹುಡುಕ್ತಾ ಇದ್ದೇನೆ. ಊರು ಮುಳುಗ್ತಾ ಉಂಟು, ಚಹಾ ಮಾತ್ರ ಬಿಸಿಬಿಸಿ ಬರ್ತದೆ!"

ಇಬ್ಬರೂ ನಕ್ಕ ನಗುವಿಗೆ ಸೊಪ್ಪೆಲ್ಲ ಚೆಲ್ಲಿತು.

ಬುಧವಾರ ಕೊನೆಯ ಕಂತು. ಮರುಪ್ರಸಾರವಿಲ್ಲ; ಹಿಂದಿಯದು ಫೋನಿನಲ್ಲಾದರೂ ಸಿಕ್ಕೀತೇ ಎಂದು ಯಕ್ಷಿತಾ ಹುಡುಕಿ ಕೈಚೆಲ್ಲಿದ್ದಳು. "ಮಮ್ಮಿ, ಹಿಂದಿವಾಲಾ ಕಹೀಂ ನಹೀಂ ಹೈ. ಟಿವಿಯಲ್ಲೇ ನೋಡು, ಮಿಸ್ ಮತ್ ಕರ್ನಾ."

ಬುಧವಾರವೇ ಅಣ್ಣುವಿನ ವಾರದ ರಜೆ. ಘಾಟ್ಕೋಪರ್‌ನ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಬಿಲ್ಲಿನ ಹಣ ಎಣಿಸುತ್ತಾ ಆರು ದಿನ ಸಾಂಬಾರಿನ ವಾಸನೆ ಕುಡಿದವನಿಗೆ ಏಳನೆಯ ದಿನ ಮನೆಯಲ್ಲಿ ಮೀನು ಬೇಕೇ ಬೇಕು. ಅವನಿಗೆ ರಜೆ ಎಂದರೆ ರಾಜೀವಿಗೆ ಇಮ್ಮಡಿ ಕೆಲಸ. ಅವತ್ತು ಬೇಗ ಮೀನು ತನ್ನಿ ಎಂದು ಎರಡು ಸಲ ಹೇಳಿ ಕಳಿಸಿದ್ದಳು. ಅವನು ಮಾರ್ಕೆಟ್ಟಿನಲ್ಲಿ ಹರಟೆ ಹೊಡೆದು, ಹನ್ನೆರಡು ಗಂಟೆ ಹತ್ತಿರವಾದಾಗ ಚೀಲದ ತುಂಬ ಬಂಗುಡೆ ಮೀನು ಹೊತ್ತು, ಜೊತೆಗೆಲಸದ ರಮಾನಾಥನನ್ನೂ ಕರೆತಂದ.

"ಒಳ್ಳೆ ಖಾರದ ಪುಳಿಮುಂಚಿ ಸಾರು ಮಾಡು. ರಮಾನಾಥನೂ ಊಟಕ್ಕಿದ್ದಾನೆ."

"ಅತ್ತಿಗೆ, ನಿಮ್ಮ ಕೈಯ ಮೀನುಸಾರು ಅಂದ್ರೆ ನಮ್ಮ ಹೋಟೆಲಿನ ಭಟ್ಟರೂ ಜನಿವಾರ ತೆಗೆದಿಟ್ಟು ಬಂದಾರು!" ಎಂದ ರಮಾನಾಥ.

"ಹನ್ನೆರಡಕ್ಕೆ ನನ್ನದು ಕೊನೆ ಕಂತು ಉಂಟು ಮಾರಾಯ್ರೆ."

"ಎಂತ, ಪ್ರಪಂಚ ಮುಳುಗ್ತದಾ?" ಎಂದ ಅಣ್ಣು.

"ಹೌದು. ಇವತ್ತೇ."

ಗಂಡಸರಿಬ್ಬರೂ ತೊಡೆ ತಟ್ಟಿಕೊಂಡು ನಕ್ಕರು. ರಾಜೀವಿಗೂ ನಗು ಬಂತು. ನಗುತ್ತಲೇ ಒಳಗೆ ಹೋಗಿ ಒಂದು ಮೀನಿನ ಕಿವಿರು ತೆಗೆದಳು. ಎರಡನೆಯದನ್ನು ಕೈಗೆತ್ತಿಕೊಂಡಾಗ ಹೊರಗೆ ಅವಳು ಮೊದಲೇ ಹಾಕಿಟ್ಟಿದ್ದ ಟಿವಿಯಲ್ಲಿ ಧಾರಾವಾಹಿಯ ಸಂಗೀತ ಶುರುವಾಯಿತು.

ಆಮೇಲೆ ಯಾರಿಂದಲಾದರೂ ಕಥೆ ಕೇಳೋಣವೆಂದರೆ ಗುರುಬಾಯಿ ಕೆಲಸದಲ್ಲಿ, ಮಗಳು ಆಫೀಸಿನಲ್ಲಿ. ಮೀನು ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿತ್ತು. ಸಾರು ನಾಳೆಯೂ ಆದೀತು, ನಾಡಿದ್ದೂ ಆದೀತು. ಇಷ್ಟು ವರ್ಷ ಆಗದೆ ಉಳಿದ ದಿನವೇ ಇಲ್ಲ. ಆದರೆ ಆ ದೀಪಸ್ತಂಭದ ಬಾಗಿಲು ತೆರೆಯುವುದು ಇವತ್ತೊಂದೇ ದಿನ.

ರಾಜೀವಿ ಮೀನಿನ ಪಾತ್ರೆಗೆ ಮುಚ್ಚಳ ಮುಚ್ಚಿದಳು. ಮೆಣಸು ಹುರಿಯಲೆಂದು ಹಚ್ಚಿದ್ದ ಗ್ಯಾಸ್ ಆರಿಸಿದಳು. ಹುಣಸೆಹಣ್ಣು ಹಚ್ಚಿ, ಅವಸರವಿಲ್ಲದೆ, ಬೆರಳು ಬೆರಳಿನ ಸಂದಿನ ವಾಸನೆಯನ್ನೂ ತೊಳೆದಳು. ಕುರ್ಚಿಯೊಂದನ್ನು ಎಳೆದುಕೊಂಡು ಗಂಡಸರ ಎದುರು, ಟಿವಿಗೆ ನೇರವಾಗಿ, ಕಾಲು ಮಡಚಿ ಕುಳಿತಳು.

"ಸಾರು?" ಎಂದ ಅಣ್ಣು.

ಅವಳು ರಿಮೋಟ್ ಎತ್ತಿಕೊಂಡು ಸಮುದ್ರದ ಸದ್ದನ್ನು ಜೋರು ಮಾಡಿದಳು.