ಟ್ಯಾಬಿತಾ ಬರೆದ ಗುಲಾಬಿ

ಸೆವರ್ನ್ ಹೊಳೆದಂಡೆಯ ಪಿಂಗಾಣಿ ಕಾರ್ಖಾನೆಯಲ್ಲಿ ಟ್ಯಾಬಿತಾ ಪರ್ಸ್ಲೋ ಹನ್ನೊಂದು ವರ್ಷದಿಂದ ತಟ್ಟೆಗಳ ಮೇಲೆ ಹೂ ಬರೆಯುತ್ತಿದ್ದಳು. ಗಂಡಸರು ಮಣಿಕಟ್ಟು ಊರಿಕೊಳ್ಳಲು ಮರದ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದರು. ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ. ಸೇರಿದ ಮೊದಲ ವಾರ ಅವಳೂ ಒಂದು ಹಲಗೆ ತಂದಿಟ್ಟುಕೊಂಡಾಗ ಈನಾಕ್ ಎಂಬ ಚಿತ್ರಗಾರ ಅದನ್ನು ಕಿತ್ತು ಒಲೆಗೆ ಎಸೆದಿದ್ದ.

"ನಿಮ್ ಕೈಗೂ ಆಸರೆ ಕೊಟ್ರೆ ನಾಳೆ ನಮ್ ಜಾಗಕ್ಕೇ ಬಂದ್ ಕೂತ್ಕೊಳ್ತೀರಿ," ಎಂದಿದ್ದ. ಕೋಣೆಯೆಲ್ಲ ನಕ್ಕಿತ್ತು.

ಅಂದಿನಿಂದ ಅವಳು ಕೈಯನ್ನು ಗಾಳಿಯಲ್ಲೇ ಹಿಡಿದು ಬರೆದಳು. ಸಂಜೆಗೆ ಬಿಯರ್ ಲೋಟ ಎತ್ತಲೂ ಆಗದಷ್ಟು ತೋಳು ಸೋಲುತ್ತಿತ್ತು. ಆದರೂ ಅಂಥ ಗುಲಾಬಿ ಅಲ್ಲಿ ಇನ್ಯಾರಿಗೂ ಬರುತ್ತಿರಲಿಲ್ಲ.

ಒಂದು ವಸಂತದಲ್ಲಿ, ಗೋಪುರದಂತೆ ಕೂದಲು ಕಟ್ಟಿ ಬಿಳಿಪುಡಿ ಉದುರಿಸಿಕೊಂಡ ದೊರೆಸಾನಿಯೊಬ್ಬಳು ತಾನು ಹೇಳಿ ಮಾಡಿಸುತ್ತಿದ್ದ ಊಟದ ತಟ್ಟೆಗಳನ್ನು ನೋಡಲು ಬಂದಳು. ಕಡುನೀಲಿ ಅಂಚು, ಚಿನ್ನದ ಗೆರೆ, ನಡುವೆ ಗುಲಾಬಿ ಗೊಂಚಲು.

"ಆಹಾ, ಯಾರ ಕೈಕೆಲ್ಸ ಇದು?"

ಮೇಸ್ತ್ರಿ ಹಾಬ್ಡೇ ಈನಾಕ್‌ನ ಬೆನ್ನು ತಟ್ಟಿದ. "ಇವನದ್ದೇ, ಅಮ್ಮಾವ್ರೇ."

ಈನಾಕ್ ನಾಚಿಕೆಯಿಲ್ಲದೆ ತಲೆಬಾಗಿದ. ಟ್ಯಾಬಿತಾಳ ಮೈ ಉರಿದುಹೋಯಿತು.

"ಸುಳ್ಳು! ಅದು ನಾನ್ ಬರ್ದಿದ್ದು."

"ಬಾಯ್ ಮುಚ್ಕೊಂಡ್ ಕೂತ್ಕೊಳೇ," ಮೇಸ್ತ್ರಿ ಗದರಿದ.

"ಯಾಕ್ ಮುಚ್ಕೋಬೇಕು? ಇಬ್ರಿಗೂ ಒಂದೊಂದು ಬಿಳಿ ತಟ್ಟೆ ಕೊಡಿ. ಅವ್ನು ಹಲಗೆ ಇಟ್ಕೊಂಡೇ ಬರೀಲಿ. ಅಮ್ಮಾವ್ರು ನೋಡ್ಲಿ."

ದೊರೆಸಾನಿಗೆ ಮೋಜೆನಿಸಿತು, ಕುರ್ಚಿ ತರಿಸಿ ಕೂತಳು. ಈನಾಕ್‌ನ ಹೂವು ಎಲೆಕೋಸಿನಂತೆ ಮುದ್ದೆಯಾಯಿತು. ಟ್ಯಾಬಿತಾ ಕಡುಗುಲಾಬಿ ಬಣ್ಣ ಎಳೆದು, ಬೆಳಕು ಬೀಳುವಲ್ಲಿ ಒಣಕುಂಚದಿಂದ ಒರೆಸಿ ತೆಳುಮಾಡಿದಳು. ಎಸಳು ಅರಳಿ ನಿಂತಿತು.

"ಹೌದಲ್ಲ, ಇವಳದ್ದೇ!" ದೊರೆಸಾನಿ ನಕ್ಕಳು, ಕೈಗವಸು ತೊಟ್ಟಳು, ಕುದುರೆಗಾಡಿ ಹತ್ತಿದಳು. ಅಷ್ಟೇ. ಗಾಡಿ ಕಾರ್ಖಾನೆಯ ಹೆಬ್ಬಾಗಿಲು ದಾಟುವ ಮುಂಚೆಯೇ ಹಾಬ್ಡೇ ಟ್ಯಾಬಿತಾಳನ್ನು ಕೆಲಸದಿಂದ ತೆಗೆದ.

ಉಳಿದ ತಟ್ಟೆಗಳನ್ನು ಈನಾಕ್ ಬರೆದ. ದೊರೆಸಾನಿ ಅಷ್ಟನ್ನೂ ಹಿಂದಕ್ಕೆ ಕಳಿಸಿದಳು. ಆಗ ಹಾಬ್ಡೇ ಟೋಪಿ ಕೈಯಲ್ಲಿ ಹಿಡಿದು ಟ್ಯಾಬಿತಾಳ ಮನೆಬಾಗಿಲಿಗೆ ಬಂದ.

"ಏನೋ ಆಗ್ಹೋಯ್ತು, ಬಾರಮ್ಮ."

"ಹಲಗೆ ಕೊಡ್ತೀರಾ? ನಾನ್ ಬರ್ದಿದ್ದನ್ನ ನಂದೇ ಅಂತ ಹೇಳ್ತೀರಾ?"

"ಅದೆಲ್ಲ ಹೇಗಮ್ಮ ಆಗತ್ತೆ? ಪದ್ಧತಿ ಅಂತ ಒಂದಿದ್ಯಲ್ಲ..."

ಅವಳು ಕದ ಹಾಕಿಕೊಂಡಳು.

ವಿಧವೆಯಾಗಿದ್ದ ತನ್ನ ಅಕ್ಕನ ಹಿತ್ತಿಲಲ್ಲಿ ಪಿಂಗಾಣಿ ಸುಡುವ ಸಣ್ಣ ಭಟ್ಟಿ ಕಟ್ಟಿಸಿ, ಬಿಳಿ ಬಟ್ಟಲುಗಳನ್ನು ಕೊಂಡುತಂದು ಹೂ ಬರೆದು ಶನಿವಾರದ ಸಂತೆಯಲ್ಲಿ ಮಾರಿದಳು. ಬದುಕೇನೋ ನಡೆಯಿತು, ಸಿಟ್ಟು ಮಾತ್ರ ಆರಲಿಲ್ಲ. ಸಂತೆಗೆ ಹೋಗುವ ದಾರಿಯಲ್ಲಿ, ಬುಟ್ಟಿ ಎಷ್ಟೇ ಭಾರವಿರಲಿ, ಕಾರ್ಖಾನೆಯ ಗೋಡೆಗೊಮ್ಮೆ ಉಗಿಯದೆ ಅವಳು ಮುಂದೆ ಹೋದವಳಲ್ಲ.