ಬೆನ್ನು ನೋವು ಅಂದೆವು

ನನ್ನ ಹೆಂಡತಿಗೆ ಗರ್ಭಕೋಶ ಜಾರಿದೆ ಎಂದು ರಾಜಾಜಿನಗರದ ಆಸ್ಪತ್ರೆಯ ಡಾಕ್ಟರಮ್ಮ ಹೇಳುವವರೆಗೆ ಅಂಥ ಕಾಯಿಲೆಯೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತವನು ನಾನು. ಹೆಗ್ಗನಹಳ್ಳಿಯಲ್ಲಿ ಕೆಳಗೆ ಗ್ರಿಲ್ ಅಂಗಡಿ, ಮೇಲೆ ಮನೆ. ಯಾರ ಮುಂದೆಯೂ ತಲೆ ತಗ್ಗಿಸದೆ ಕಟ್ಟಿಕೊಂಡದ್ದು. ಆವತ್ತು ಮಾತ್ರ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದೆ. ಅವರು ಬೇಸರಪಡದೆ ತಿಳಿಸಿದರು. ಹೆರಿಗೆಗಳಿಂದ ಒಳಗಿನ ಹಿಡಿತ ಸಡಿಲವಾಗಿದೆ, ಸದ್ಯಕ್ಕೆ ರಿಂಗ್ ಹಾಕಿ ಮೇಲೆ ನಿಲ್ಲಿಸಿದ್ದೇವೆ, ವ್ಯಾಯಾಮ ಹೇಳಿಕೊಟ್ಟಿದ್ದೇವೆ, ಭಾರ ಎತ್ತಬಾರದು. ಎಷ್ಟೋ ಹೆಂಗಸರಿಗೆ ಇದಿರುತ್ತದೆ, ಬಾಯಿಬಿಡುವುದಿಲ್ಲ ಅಷ್ಟೇ, ಎಂದರು. ಇವಳೂ ಹಾಗೆ ಎಷ್ಟು ವರ್ಷ ಸವೆಸಿದ್ದಳೋ.

ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತು ಹೇಳಿದಳು. "ಯಾರಾದ್ರೂ ಕೇಳಿದ್ರೆ ಬೆನ್ನು ನೋವು ಅನ್ನಿ. ಮಗಳಿಗೆ ಗಂಡು ನೋಡ್ತಾ ಇದೀವಿ."

ಹೀಗೆ, ಬೀದಿಯ ಕೊನೆಯ ಫಿಲ್ಟರ್ ನೀರಿನ ಕ್ಯೂಗೆ ಬೆಳಿಗ್ಗೆ ಅವಳ ಬದಲು ನಾನು ಹೋಗತೊಡಗಿದೆ. ಇಪ್ಪತ್ತು ಲೀಟರಿನ ಕ್ಯಾನು ಹಿಡಿದ ಹೆಂಗಸರ ನಡುವೆ ಒಬ್ಬನೇ ಗಂಡಸು.

"ಏನಣ್ಣ, ಅಕ್ಕ ರಿಟೈರಾ?" ಎಂದಳು ಒಬ್ಬಳು.

"ಬೆನ್ನು ನೋವಮ್ಮ."

"ನಮಗೂ ಬರ್ಲಪ್ಪ ಆ ನೋವು. ನಮ್ಮನೆಯವ್ರೂ ನೀರು ಹೊರ್ಲಿ."

ಎಲ್ಲರೂ ನಕ್ಕರು. ನಗದೆ ಇದ್ದವಳು ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದ, ಗಾರ್ಮೆಂಟ್ಸಿಗೆ ಹೋಗುವ ಹೆಂಗಸು. ನನ್ನ ತಂಗಿಯ ವಯಸ್ಸಿನವಳು. ಒಂದು ದಿನ ಉಳಿದವರೆಲ್ಲ ಹೋಗುವ ತನಕ ಕಾದು, ನಲ್ಲಿಯನ್ನೇ ನೋಡುತ್ತ ಕೇಳಿದಳು. "ಅಣ್ಣ, ತಪ್ಪು ತಿಳ್ಕೋಬೇಡಿ. ಅಕ್ಕನಿಗೆ ಬೆನ್ನಾ, ಇಲ್ಲಾ ಕೆಳಗಾ? ಕ್ಯೂನಲ್ಲಿ ಅವರು ನಿಲ್ಲೋದು ನೋಡಿದ್ದೆ. ನಾನೂ ಹಂಗೇ ನಿಲ್ಲೋದು."

ನನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಯಾವ ಆಸ್ಪತ್ರೆ, ಯಾವ ದಿನ ಹೋಗಬೇಕು, ಎಲ್ಲ ಹೇಳಿದೆ.

"ಆಸ್ಪತ್ರೆ ಗೊತ್ತಣ್ಣ, ಗೇಟ್ ತನಕ ಹೋಗಿ ಬಂದಿದೀನಿ. ಒಳಗೆ ಏನ್ಮಾಡ್ತಾರೆ? ನೋವಾಗುತ್ತಾ? ಅಕ್ಕ ಒಂದ್ಸಲ ಜೊತೆಗೆ ಬಂದ್ರೆ ಸಾಕು."

ಪರೀಕ್ಷೆಯ ಹೊತ್ತಿನಲ್ಲಿ ಬಾಗಿಲಾಚೆ ಕೂತಿದ್ದ ನಾನು ಅದಕ್ಕೆ ಏನು ಹೇಳಲಿ? ಭಾನುವಾರ ಮನೆಗೆ ಬಾಮ್ಮ ಎಂದೆ. ಹೆಂಡತಿಗೆ ತಿಳಿಸಿದಾಗ ಅವಳು ಏನೂ ಅನ್ನಲಿಲ್ಲ. ಒಪ್ಪಿದಳು ಎಂದುಕೊಂಡೆ.

ಆಕೆ ಮಲ್ಲಿಗೆ ಹೂ ಹಿಡಿದು ಬಂದಳು. ಹೆಂಡತಿ ಕಾಫಿ ಕೊಟ್ಟಳು. ನಾನು ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ ಆಕೆ ವಿಷಯಕ್ಕೆ ಬಂದಳು.

"ಯಾರು ಹೇಳಿದ್ದು ನಿಂಗೆ?" ಎಂದಳು ಹೆಂಡತಿ. "ನಂಗೆ ಬೆನ್ನು ನೋವು ಕಣಮ್ಮ. ಇವ್ರಿಗೆ ಏನೂ ತಿಳಿಯಲ್ಲ."

"ಹೌದಾ ಅಕ್ಕ. ಬರ್ತೀನಿ," ಎಂದು ಆಕೆ ಎದ್ದು, ನನ್ನ ಪಕ್ಕದಲ್ಲೇ ಮೆಟ್ಟಿಲಿಳಿದು ಹೋದಳು.

ಅಡುಗೆಮನೆಗೆ ಹೋದೆ. ಹೆಂಡತಿ ತೊಳೆದ ಲೋಟವನ್ನೇ ತೊಳೆಯುತ್ತಿದ್ದಳು. "ಬೈಬೇಡಿ. ಅವಳ ಮುಖ ನೋಡಿ ನನ್ ಮುಖಾನೇ ಕಂಡಂಗಾಯ್ತು. ಆದ್ರೂ ಹೇಳೋಕೆ ಬಾಯಿ ಬರ್ಲಿಲ್ಲ," ಎಂದು ಅತ್ತಳು. ಬೈಯುವುದಾದರೂ ಯಾರನ್ನು?

ಮಾರನೆ ಬೆಳಿಗ್ಗೆ ಆಕೆಯ ಕ್ಯಾನು ತುಂಬಿದಾಗ ಎತ್ತಿಕೊಡಲು ನಾನು ಬಗ್ಗಿದೆ.

"ಬೇಡ ಬಿಡಿ ಅಣ್ಣ. ನೋಡಿದವರು ಏನಾದ್ರೂ ಅಂತಾರೆ."

ಆಕೆ ಆಸ್ಪತ್ರೆಗೆ ಹೋದಳೋ ಇಲ್ಲವೋ ಎಂದು ಆಮೇಲೆ ನಾನು ಕೇಳುವ ಹಾಗೂ ಇರಲಿಲ್ಲ. ಆವತ್ತು ತಾನೇ ಕ್ಯಾನನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ಲೈಟ್ ಕಂಬದ ಹತ್ತಿರ ಇಳಿಸಿ, ಸ್ವಲ್ಪ ಹೊತ್ತು ಕಂಬ ಹಿಡಿದು ನಿಂತು, ಮತ್ತೆ ಎತ್ತಿದಳು.