ಬೂದು ಕಾರನ್ನು ಎಳೆದವನು

ಸಂಚಾರ ಇಲಾಖೆಯಲ್ಲಿ ಅವನನ್ನು ಎಲ್ಲರೂ ಕೊಕ್ಕೆ ಎಂದೇ ಕರೆಯುತ್ತಿದ್ದರು. ನಿಲ್ಲಿಸಬಾರದ ಕಡೆ ನಿಲ್ಲಿಸಿದ ಕಾರುಗಳಿಗೆ ಕೊಕ್ಕೆ ಸಿಕ್ಕಿಸಿ, ಅರ್ಧ ಎತ್ತಿ, ಇಲಾಖೆಯ ಯಾರ್ಡಿಗೆ ಎಳೆದು ತರುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದ. ಯಾರ ಮಾತಿಗೂ ಕೊಕ್ಕೆ ಹಾಕದ ಮನುಷ್ಯನಿಗೆ ಈ ಹೆಸರು ಹೇಗೆ ಅಂಟಿಕೊಂಡಿತೋ ಎಂದು ಅವನ ಹೆಂಡತಿ ನಗುತ್ತಿದ್ದಳು.

ಬೈಗುಳ ಅವನಿಗೆ ಕೆಲಸದ ಜೊತೆಗೇ ಬಂದದ್ದು. ಬೈಸಿಕೊಳ್ಳುವುದರಲ್ಲಿ ಅವನಿಗೆ ಒಂದು ಹದ ಸಿಕ್ಕಿತ್ತು. ಒಮ್ಮೆ ಒಬ್ಬ ವಕೀಲರು ತಮ್ಮ ಕಾರಿನ ಬಾನೆಟ್ಟಿನ ಮೇಲೆ ಹತ್ತಿ ಕೂತು, "ಈಗ ಎಳಿ, ನೋಡೇಬಿಡ್ತೀನಿ" ಎಂದರು. ಅವನು ಲಾರಿಯ ನೆರಳಿಗೆ ಹೋಗಿ ಬುತ್ತಿ ಬಿಚ್ಚಿ ಊಟಕ್ಕೆ ಕೂತ. ಅವನು ಕೈತೊಳೆಯುವ ಹೊತ್ತಿಗೆ ಬಿಸಿಲಿಗೆ ಕಾದ ಬಾನೆಟ್ಟು ವಕೀಲರನ್ನು ತಾನೇ ಕೆಳಗಿಳಿಸಿತ್ತು.

ಈ ಕೆಲಸಕ್ಕೆ ಸೇರುವ ಮೊದಲು ಮೂರು ವರ್ಷ ಬೇರೆ ದೇಶದಲ್ಲಿ ನೀರಿನ ಟ್ಯಾಂಕರ್ ಓಡಿಸಿದ್ದ. ಊರಿಗೆ ಬಂದು ಮದುವೆಯಾದ. ಸೈಕಲ್ ರಿಪೇರಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಸಂಸಾರ. ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕತ್ತರಿ ಹಿಡಿಯುತ್ತಿದ್ದಳು, ಮಗಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಐವತ್ತಮೂರನೆಯ ವಯಸ್ಸಿನವರೆಗೆ ಅವನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ಯಾರಿಗೂ ಏನೂ ಇರಲಿಲ್ಲ.

ಆ ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಸಂತೆಮಾಳದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಜನರ ಮೇಲೆ ಒಂದು ಬಿಳಿ ವ್ಯಾನು ನುಗ್ಗಿತು. ಬ್ರೇಕು ಹಾಕಿದ ಗುರುತೇ ಇರಲಿಲ್ಲ. ಏಳು ಜನ ಸತ್ತರು. ವ್ಯಾನು ಓಡಿಸಿದವನು ಇಳಿದು ಗಲಾಟೆಯಲ್ಲಿ ತಪ್ಪಿಸಿಕೊಂಡ. ಗಾಯಾಳುಗಳನ್ನು ತರುವ ಆಂಬ್ಯುಲೆನ್ಸುಗಳಿಗೆ ದಾರಿಯಾಗಲೆಂದು ದೊಡ್ಡಾಸ್ಪತ್ರೆಯ ರಸ್ತೆಯನ್ನು ಖಾಲಿ ಮಾಡಿಸುವಂತೆ ಕೊಕ್ಕೆಗೆ ವಾಕಿಟಾಕಿಯಲ್ಲಿ ಸೂಚನೆ ಬಂತು. ಅವನು ಒಂದರ ಹಿಂದೊಂದು ಆರು ಕಾರು ಸರಿಸಿ ಪಕ್ಕದ ಬೀದಿಗೆ ಬಿಟ್ಟ. ಏಳನೆಯದನ್ನು ತೆಗೆಯಲು ವಾಕಿಯಲ್ಲಿ ಮತ್ತೆ ಹೇಳಿದರು, ಅದು ಬೂದು ಬಣ್ಣದ್ದು. ಔಷಧಿ ಅಂಗಡಿಯ ಎದುರು, ಸ್ಟ್ರೆಚರ್ ಉರುಳಿಸುವ ಇಳಿಜಾರಿಗೆ ಅಡ್ಡವಾಗಿ, ಆಸ್ಪತ್ರೆಯ ಗೋಡೆಗೆ ಮೂತಿ ತಾಗಿಸಿ ನಿಂತಿತ್ತು. ಪಕ್ಕದ ಬೀದಿ ಆಗಲೇ ತುಂಬಿದ್ದರಿಂದ ಇದನ್ನು ಯಾರ್ಡಿಗೇ ಒಯ್ಯಬೇಕಾಯಿತು. ಮುಂದೆ ಜಾಗವಿಲ್ಲದೆ ಹಿಂದಿನ ಚಕ್ರಗಳನ್ನು ಎತ್ತಿ ಸರಪಳಿ ಬಿಗಿದ. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಟ್ಯಾಂಕು ಸೋರುತ್ತಿರಬೇಕು ಎಂದುಕೊಂಡ. ಹಿಂದಿನ ಸೀಟಿನ ಮೇಲೆ ಕಂಬಳಿ ಹೊದಿಸಿತ್ತು.

ಯಾರ್ಡು ನಾಲ್ಕು ಮೈಲಿ. ದಾರಿ ಕಟ್ಟಿಕೊಂಡಿದ್ದರಿಂದ ಐವತ್ತು ನಿಮಿಷ ಹಿಡಿಯಿತು.

ಯಾರ್ಡಿನ ದಾಖಲೆ ಬರೆಯುವ ಹೆಂಗಸು ಅವನಿಗಿಂತ ಎರಡು ವರ್ಷ ದೊಡ್ಡವಳು. ಅವನು ಅವಳನ್ನು ಅಕ್ಕ ಎನ್ನುತ್ತಿದ್ದ. ಅವಳು ಕಿಟಕಿಯ ಬಳಿ ಟಿವಿ ಹಚ್ಚಿಟ್ಟು ಕೂತಿದ್ದಳು.

"ಅಕ್ಕಾ, ಆ ಬೂದು ಗಾಡಿ ಹತ್ರ ಯಾರೂ ಬೀಡಿ ಹಚ್ಚೋದು ಬೇಡ. ಟ್ಯಾಂಕು ಸೋರ್ತಿದೆ ಅನ್ಸುತ್ತೆ. ಒಂದು ಬುಟ್ಟಿ ಮರಳು ಹಾಕಿಸ್ತೀನಿ."

ರೈಲು ನಿಲ್ದಾಣದ ಮುಂದೆ ನಿಲ್ಲಿಸಿದ್ದ ಕಾರೊಂದರಲ್ಲಿ ಗ್ಯಾಸ್ ಸಿಲಿಂಡರುಗಳೂ ಪೆಟ್ರೋಲ್ ಡಬ್ಬಗಳೂ ಸಿಕ್ಕಿವೆ, ಸಿಡಿದಿಲ್ಲ ಎಂದು ಟಿವಿ ಆಗಷ್ಟೇ ಹೇಳಿತ್ತು. ಅವಳು ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದಳು.

"ಕೊಕ್ಕೆ, ಒಳಗೇನಿದೆ ನೋಡಿದ್ಯಾ?"

"ಕಂಬಳಿ."

"ಕಂಬಳಿ ಕೆಳಗೆ?"

ಇಬ್ಬರೂ ಹೋಗಿ ಗಾಜಿಗೆ ಕೈ ಅಡ್ಡ ಹಿಡಿದು ಇಣುಕಿದರು. ಎಳೆದಾಟದಲ್ಲಿ ಕಂಬಳಿ ಒಂದು ಕಡೆ ಜಾರಿತ್ತು. ಸಿಲಿಂಡರಿನ ತಲೆಯೂ ಕೆಂಪು ತಂತಿಯ ಒಂದು ಸುರುಳಿಯೂ ಕಂಡವು. ಅಕ್ಕ ಓಡಲಿಲ್ಲ, ಓಡಲು ಅವಳ ಮಂಡಿ ಬಿಡುತ್ತಿರಲಿಲ್ಲ. ಬೇಗಬೇಗ ನಡೆದು ಗೇಟಿನ ಹೊರಗಿನವರನ್ನೆಲ್ಲ ದೂರ ಕಳಿಸಿದಳು. ಕೊಕ್ಕೆ ಶೆಡ್ಡಿನಲ್ಲಿದ್ದ ಮೂವರು ಮೆಕ್ಯಾನಿಕ್‌ಗಳನ್ನು ಹೊರಗೆ ಕರೆತಂದು ಪೊಲೀಸರಿಗೆ ಫೋನು ಮಾಡಿದ. ಸಂಜೆ ಐದರ ಹೊತ್ತಿಗೆ ಬಾಂಬು ನಿಷ್ಕ್ರಿಯ ಮಾಡುವವರು ತಮ್ಮ ಕೆಲಸ ಮುಗಿಸಿ ಹೋದರು.

ಶುಕ್ರವಾರ ಅವನು ಊರಿನ ಕಣ್ಮಣಿ. ಆಸ್ಪತ್ರೆಯನ್ನೇ ಉಳಿಸಿದವನು ಎಂದು ಪತ್ರಿಕೆ ಬರೆಯಿತು. ಎಳೆಯುವಾಗಿನ ಕುಲುಕಾಟಕ್ಕೆ ತಂತಿ ಕಳಚಿರಬೇಕು ಎಂದು ನಿವೃತ್ತ ಅಧಿಕಾರಿಯೊಬ್ಬರು ಟಿವಿಯಲ್ಲಿ ಊಹಿಸಿದರು. ಕೆಳಗಿನ ಸೈಕಲ್ ಅಂಗಡಿಯವನು ಮೆಟ್ಟಿಲು ಹತ್ತಿ ಬಂದು ಗ್ರೀಸಿನ ಕೈಯಲ್ಲೇ ಕೈಕುಲುಕಿದ. ಹೆಂಡತಿಯ ತಮ್ಮ ನಾಲ್ಕು ಸಲ ಫೋನು ಮಾಡಿದ. ವಿಮೆ ಕಚೇರಿಯಲ್ಲಿದ್ದ ಅವನಿಗೆ ಎಲ್ಲ ವಿಷಯದಲ್ಲೂ ಒಳಗಿನ ಸುದ್ದಿ ತನಗೇ ಗೊತ್ತು ಎಂಬ ಹಮ್ಮು.

"ಭಾವ, ಚಾನೆಲ್‌ನವರು ನನ್ನ ನಂಬರ್ ತಗೊಂಡಿದ್ದಾರೆ. ನಿಮ್ಮ ಬಗ್ಗೆ ಎಲ್ಲಾ ಹೇಳಿದೆ."

"ಎಲ್ಲಾ ಅಂದ್ರೆ ಏನಪ್ಪಾ? ಹೇಳೋಕೆ ಏನಿದೆ?"

"ಅಯ್ಯೋ, ಏನಿಲ್ಲ? ಹೊರದೇಶದಲ್ಲಿ ದುಡಿದವರು ಅಂತ ಹೇಳಿದೆ. ಅದಕ್ಕೊಂದು ತೂಕ ಇರುತ್ತೆ."

ತೂಕ ಇತ್ತು, ನಿಜ. ಶನಿವಾರ ಗಾಳಿ ತಿರುಗಿತು. ಬೂದು ಕಾರು ಅಲ್ಲಿ ಬಂದು ನಿಂತದ್ದು ಹನ್ನೆರಡು ಹದಿನೇಳಕ್ಕೆ, ಕೊಕ್ಕೆಯ ಲಾರಿ ಅದರ ಹಿಂದೆ ಬಂದದ್ದು ಹನ್ನೆರಡು ಇಪ್ಪತ್ತನಾಲ್ಕಕ್ಕೆ ಎಂದು ಆಸ್ಪತ್ರೆಯ ಕ್ಯಾಮೆರಾದ ಚಿತ್ರ ಹೊರಬಿತ್ತು. ಏಳೇ ನಿಮಿಷ. ಅಷ್ಟು ಬೇಗ ಹೇಗೆ ಬಂದ? ಪೆಟ್ರೋಲಿನ ವಾಸನೆ ಬಂದರೂ ಯಾಕೆ ನಿಲ್ಲಲಿಲ್ಲ? ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನಿಂದ ಯಾಕೆ ಎತ್ತಿದ? ಈ ಕೊನೆಯ ಪ್ರಶ್ನೆ ಜನಕ್ಕೆ ಬಹಳ ರುಚಿಸಿತು. ಒಂದು ದಿನವೂ ಕಾರಿಗೆ ಸರಪಳಿ ಕಟ್ಟದವರು ಮುಂದಿನಿಂದ ಎತ್ತುವುದಕ್ಕೂ ಹಿಂದಿನಿಂದ ಎತ್ತುವುದಕ್ಕೂ ಇರುವ ವ್ಯತ್ಯಾಸವನ್ನು ಒಬ್ಬರಿಗೊಬ್ಬರು ಬಿಡಿಸಿ ಹೇಳಿದರು. ಹೊರದೇಶದ ಮೂರು ವರ್ಷ ಯಾವ ದೇಶದಲ್ಲಿ, ಯಾರ ಕೈಕೆಳಗೆ ಎಂಬ ಚರ್ಚೆ ಒಂದು ಇಡೀ ಸಂಜೆ ನಡೆಯಿತು. ಬಾನೆಟ್ಟಿನ ವಕೀಲರೂ ಟಿವಿಗೆ ಬಂದು, ಆ ಮನುಷ್ಯನಿಗೆ ಅಸಹಜವಾದ ತಾಳ್ಮೆ ಇದೆ, ತನಗೆ ಆಗಲೇ ಅನುಮಾನ ಬಂದಿತ್ತು ಎಂದರು.

ಪೊಲೀಸರು ಭಾನುವಾರ ಅವನನ್ನು ಕರೆಸಿದರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಫ್ಯಾನಿನ ಕೆಳಗೆ, ಇಬ್ಬರು ಅಧಿಕಾರಿಗಳು. ಬೈಯಲಿಲ್ಲ, ಹೊಡೆಯಲಿಲ್ಲ. ಕೇಳಿದ್ದನ್ನೇ ಕೇಳಿದರು. ಅವನು ಹೇಳಿದ್ದನ್ನೇ ಹೇಳಿದ. ಮೂತಿ ಗೋಡೆಗೆ ತಾಗಿತ್ತು, ಸಾರ್. ವಾಕಿಯಲ್ಲಿ ಹೇಳಿದರು, ಹೋದೆ, ಸಾರ್. ಕೊನೆಗೆ ಹಿರಿಯ ಅಧಿಕಾರಿ ಕಾಗದ ಮಡಚಿ, "ನಿಮ್ಮ ಮೇಲೆ ನಮಗೇನೂ ಅನುಮಾನ ಇಲ್ಲ, ಹೋಗಿ" ಎಂದರು. ಅವನು ಬಾಗಿಲವರೆಗೆ ಹೋಗಿ ತಿರುಗಿದ.

"ಸಾರ್, ಈ ಮಾತು ಹೊರಗಡೆ ಒಂದ್ಸಲ ಹೇಳ್ತೀರಾ?"

"ತನಿಖೆ ಮುಗಿಯೋವರೆಗೆ ನಾವು ಯಾರ ಬಗ್ಗೆನೂ ಏನೂ ಹೇಳೋ ಹಾಗಿಲ್ಲ."

ಅವನು ಠಾಣೆಯ ಮೆಟ್ಟಿಲು ಇಳಿಯುವುದನ್ನು ಕ್ಯಾಮೆರಾಗಳು ಹಿಡಿದವು. ಒಂಬತ್ತು ಗಂಟೆ ವಿಚಾರಣೆ ಎಂಬುದು ಸುದ್ದಿಯಾಯಿತು, ವಿಚಾರಣೆಯ ಫಲ ಆಗಲಿಲ್ಲ. ಸೋಮವಾರ ಸಮವಸ್ತ್ರದ ಅಂಗಡಿಯ ಯಜಮಾನ ಹೆಂಡತಿಗೆ, "ಸ್ವಲ್ಪ ದಿನ ಮನೇಲಿರಮ್ಮ, ಮಕ್ಕಳ ತಂದೆತಾಯಿ ಬಂದು ಹೋಗೋ ಜಾಗ" ಎಂದ. ಹದಿನಾಲ್ಕು ವರ್ಷ ಅಲ್ಲಿದ್ದವಳು ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದಳು. ಇಲಾಖೆ ಕೊಕ್ಕೆಗೂ ರಜೆ ಹಾಕಲು ಹೇಳಿತು. ಮಗಳು ಮಾತ್ರ ಕೆಲಸಕ್ಕೆ ಹೋಗುತ್ತಿದ್ದಳು. ಮನೆಗೆ ಬಂದು ಫೋನಿನಲ್ಲಿ ಅಪರಿಚಿತರು ಬರೆದದ್ದಕ್ಕೆಲ್ಲ ಉತ್ತರ ಟೈಪು ಮಾಡುತ್ತಿದ್ದಳು.

"ಬಿಡಮ್ಮ. ಒಂದಕ್ಕೆ ಉತ್ತರ ಕೊಟ್ರೆ ಹತ್ತು ಬರುತ್ತೆ."

"ಬಿಟ್ರೆ ಒಪ್ಕೊಂಡ ಹಾಗಾಗುತ್ತೆ ಅಪ್ಪಾ."

ಇಬ್ಬರ ಮಾತೂ ಸರಿಯಿತ್ತು. ಅದಕ್ಕೇ ಅವರ ಜಗಳ ಮುಗಿಯಲಿಲ್ಲ.

ಬುಧವಾರ ಅವನು ಗಡ್ಡ ತೆಗೆಸಲು ಹೋದ. ಮನೆಯ ಹತ್ತಿರದ ಕ್ಷೌರದಂಗಡಿ ಬಿಟ್ಟು, ಎರಡು ಬಸ್ ನಿಲ್ದಾಣ ದಾಟಿ, ಗುರುತಿಲ್ಲದ ಅಂಗಡಿಗೆ. ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ ಹಿಂದಿನ ಬೆಂಚಿನಲ್ಲಿ ಮಾತು ಶುರುವಾಯಿತು.

"ಅವನಿಗೆ ಗೊತ್ತಿತ್ತು ಕಣ್ರೀ. ಏಳು ನಿಮಿಷದಲ್ಲಿ ಯಾರು ಬರ್ತಾರೆ? ನನ್ನ ಗಾಡಿ ಕೆಟ್ಟು ನಿಂತಾಗ ಮೂರು ಗಂಟೆ ಬರಲಿಲ್ಲ."

"ಗೊತ್ತಿದ್ರೆ ಎಳ್ಕೊಂಡು ಹೋಗ್ತಿದ್ನಾ? ತಾನೂ ಸಾಯ್ತಿದ್ದ."

"ಸಿಡಿಯಲ್ಲ ಅಂತಲೂ ಗೊತ್ತಿತ್ತಲ್ಲ, ಅದೇ ಪಾಯಿಂಟು."

ಕ್ಷೌರಿಕ ಕತ್ತಿ ಎತ್ತಿ ಹಿಡಿದು ಕನ್ನಡಿಯಲ್ಲಿ ಅವನನ್ನು ಕೇಳಿದ: "ನೀವೇನಂತೀರಿ ಯಜಮಾನ್ರೇ? ಹಿಂದಿನಿಂದ ಯಾಕೆ ಎತ್ತಿದ?"

"ಮುಂದೆ ಗೋಡೆ ಇತ್ತಂತೆ."

"ಅದು ಅವನು ಕಟ್ಟಿದ ಕಥೆ," ಎಂದಿತು ಬೆಂಚು.

ನೊರೆ ಒರೆಸಿದ ಮೇಲೂ ಯಾರಿಗೂ ಅವನ ಗುರುತು ಹತ್ತಲಿಲ್ಲ. ಐದಾರು ದಿನದಿಂದ ಟಿವಿಯಲ್ಲಿ ನೋಡುತ್ತಿದ್ದ ಮುಖ ಅದು.

ಹನ್ನೆರಡನೆಯ ದಿನ ಮೂವರು ಸಿಕ್ಕಿಬಿದ್ದರು. ವ್ಯಾನು ಓಡಿಸಿದವನೂ ಅವರಲ್ಲಿದ್ದ. ಎರಡು ಕಾರುಗಳ ಬಾಂಬುಗಳೂ ಸಿಡಿಯುವ ಹಾಗೇ ಇರಲಿಲ್ಲ, ಕಟ್ಟಿದವರಿಗೆ ಕಟ್ಟಲು ಬರುತ್ತಿರಲಿಲ್ಲ ಎಂದು ಪೊಲೀಸರು ಹೇಳಿದರು. ಎಳೆದರೂ ಎಳೆಯದಿದ್ದರೂ ಒಂದೇ ಆಗುತ್ತಿತ್ತು. ಆ ಹೇಳಿಕೆಯಲ್ಲಿ ಕೊಕ್ಕೆ ಉಳಿಸಿದವನೂ ಆಗಿರಲಿಲ್ಲ, ಪಾಲುದಾರನೂ ಆಗಿರಲಿಲ್ಲ. ಅವನ ಮಾತೇ ಬಂದಿರಲಿಲ್ಲ. ಆ ಸಂಜೆಯಿಂದ ಜನ ಸಿಕ್ಕಿಬಿದ್ದವರ ಅಪ್ಪ ಅಮ್ಮಂದಿರ ಬಗ್ಗೆ ಮಾತಾಡತೊಡಗಿದರು.

ಹೆಂಡತಿಯ ತಮ್ಮ ಹಣ್ಣು ತೆಗೆದುಕೊಂಡು ಬಂದ. ಚಪ್ಪಲಿ ಬಿಡುತ್ತಲೇ, "ನಾನು ಒಳ್ಳೇದಕ್ಕೇ ಹೇಳಿದ್ದು ಭಾವ" ಎಂದ. ಕೊಕ್ಕೆಯ ಹೆಂಡತಿ ತಮ್ಮನಿಗೆ ನೀರು ಕೊಟ್ಟಳು, ಮಾತಾಡಿಸಲಿಲ್ಲ. ಕೊಕ್ಕೆ ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡು, "ಇನ್ಮೇಲೆ ನನ್ನ ಬಗ್ಗೆ ಕೇಳಿದ್ರೆ ಗೊತ್ತಿಲ್ಲ ಅನ್ನು. ಸುಳ್ಳೇನಲ್ಲ" ಎಂದ. ಅವಳ ಅಂಗಡಿಯಿಂದ ಮರುದಿನ ಕರೆ ಬಂತು. ಅವಳು ಒಂದು ವಾರ ಬಿಟ್ಟು ಹೋದಳು. ಅವರೇ ಕೊಟ್ಟ ರಜೆ, ಪೂರ್ತಿ ಮುಗಿಯಲಿ ಎಂದಳು.

ಕೆಲಸಕ್ಕೆ ಮರಳಿದ ಮೂರನೆಯ ದಿನ ಕೊಕ್ಕೆಗೆ ಮತ್ತೆ ಆಸ್ಪತ್ರೆಯ ರಸ್ತೆ ಸಿಕ್ಕಿತು. ಲಾರಿ ನಿಲ್ಲಿಸಿದಾಗ ಔಷಧಿ ಅಂಗಡಿಯ ಕೌಂಟರಿನಿಂದ ಒಬ್ಬ ಹೆಂಗಸು ಇಳಿದು ಬಂದಳು. ಮಗಳಿಗಿಂತ ಸ್ವಲ್ಪ ದೊಡ್ಡವಳಿರಬೇಕು.

"ಅವತ್ತು ಕಂಟ್ರೋಲ್ ರೂಮಿಗೆ ಫೋನ್ ಮಾಡಿದ್ದು ನಾನೇ. ಸ್ಟ್ರೆಚರ್ ಹೋಗೋ ದಾರಿಗೆ ಅಡ್ಡ ನಿಲ್ಲಿಸಿದ್ದಾರೆ ಅಂತ."

ಅವನು ಸರಪಳಿ ಕೆಳಗಿಟ್ಟ.

"ಪೊಲೀಸರಿಗೆ ಮೊದಲ ದಿನವೇ ಹೇಳಿದೆ. ಬೇರೆ ಯಾರಿಗೂ ಹೇಳಬೇಡಿ ಅಂದ್ರು. ಟಿವಿಯವರು ಏಳು ನಿಮಿಷ ಏಳು ನಿಮಿಷ ಅನ್ನುವಾಗೆಲ್ಲ ಹೇಳಿಬಿಡೋಣ ಅನ್ಸೋದು. ಆಮೇಲೆ ನನ್ನನ್ನೂ ಹೀಗೇ ಕೇಳ್ತಾರೆ ಅಂತ ಹೆದರ್ಕೊಂಡೆ. ನನ್ನಿಂದ ನಿಮಗೆ ಹೀಗಾಗಿಬಿಡ್ತು."

ಅವಳ ಕಣ್ಣು ತುಂಬಿತ್ತು. ಅವನು ಕೈಗವಸು ಬಿಚ್ಚಿದ.

"ನೀವು ಹೇಳದೆ ಇದ್ದದ್ದೇ ಒಳ್ಳೇದಾಯ್ತಮ್ಮ. ಹೇಳಿದ್ರೆ ನಮ್ಮಿಬ್ರಿಗೂ ಮೊದಲೇ ಪರಿಚಯ ಇತ್ತು ಅಂತಿದ್ರು."

ಅವಳು ಅಳುತ್ತಲೇ ನಕ್ಕುಬಿಟ್ಟಳು. ಒಳಗೆ ಹೋಗಿ ಅವನಿಗೆ ಒಂದು ಲೋಟ ಟೀ ಕಳಿಸಿದಳು.

ಆ ಸಂಜೆ ಊಟಕ್ಕೆ ಕೂತಾಗ ಅವನು ಹೆಂಡತಿಗೂ ಮಗಳಿಗೂ ಈ ವಿಷಯ ಹೇಳಿದ. ಮಗಳು ತಕ್ಷಣ ಫೋನು ಕೈಗೆತ್ತಿಕೊಂಡಳು, ಅವನ ಮುಖ ನೋಡಿ ಕೆಳಗಿಟ್ಟಳು. ಅನ್ನ ಕಲಸುತ್ತ ಕೇಳಿದಳು: "ಅಪ್ಪಾ, ನಿಮಗೆ ಭಯ ಆಗಲಿಲ್ವಾ?"

ಅಷ್ಟು ದಿನದಲ್ಲಿ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ, ಪೊಲೀಸರೂ ಕೂಡ.

"ಎಳೀವಾಗ ಏನೂ ಗೊತ್ತಿರಲಿಲ್ವಲ್ಲ. ಆಮೇಲೆ ಆಯ್ತು." ಅವನು ತಟ್ಟೆಯಲ್ಲಿ ಕೈಯಾಡಿಸುತ್ತ ಹೇಳಿದ. "ಸೇತುವೆ ಸಿಗ್ನಲ್ ಹತ್ರ ಹನ್ನೊಂದು ನಿಮಿಷ ನಿಂತಿದ್ದೆ. ಪಕ್ಕದಲ್ಲಿ ಒಂದು ಬಸ್ಸು, ಪೂರ್ತಿ ಹೆಂಗಸರು. ಗಾರ್ಮೆಂಟ್ಸ್ ಕೆಲಸದವರು ಅನ್ಸುತ್ತೆ. ಕಿಟಕೀಲಿ ಒಬ್ಬರು ತಲೆ ಒರಗಿಸಿಕೊಂಡು ನಿದ್ದೆ ಮಾಡ್ತಿದ್ರು. ಕೈ ಚಾಚಿದ್ರೆ ಆ ಕಾರು ಸಿಕ್ತಿತ್ತು ಅವರಿಗೆ. ಕಣ್ಣು ಮುಚ್ಚಿದ್ರೆ ಆ ಬಸ್ಸೇ ಬರುತ್ತೆ."

ಹೆಂಡತಿ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

"ಸಿಡಿಯೋ ಹಾಗಿರಲಿಲ್ಲ ಅಂದ್ರಲ್ಲ."

"ಅಂದ್ರು. ಆದರೂ ಬರುತ್ತೆ."

ಅವನು ಇನ್ನೂ ಐದು ವರ್ಷ ಆ ಲಾರಿ ಓಡಿಸಿದ. ಕೊಕ್ಕೆ ಸಿಕ್ಕಿಸುವ ಮೊದಲು ಪ್ರತಿ ಕಾರನ್ನೂ ಸುತ್ತಿ, ಗಾಜಿಗೆ ಕೈ ಅಡ್ಡ ಹಿಡಿದು ಒಳಗೆ ನೋಡುವ ಅಭ್ಯಾಸ ಬಂತು. ಅಷ್ಟರಲ್ಲಿ ಎಷ್ಟೋ ಮಾಲೀಕರು ಓಡಿಬಂದು, ಕೈಮುಗಿದು ಗಾಡಿ ಬಿಡಿಸಿಕೊಂಡು ಹೋಗುತ್ತಿದ್ದರು. ದಿನಕ್ಕೆ ಎಳೆಯುವ ಕಾರುಗಳ ಸಂಖ್ಯೆ ಇಳಿದಿದೆ, ಕಾರಣ ಬರೆದುಕೊಡಿ ಎಂದು ಇಲಾಖೆ ಎರಡು ಸಲ ಕೇಳಿತು. ಎರಡು ಸಲವೂ ಅವನು ಮಂಡಿ ನೋವು ಎಂದು ಬರೆದುಕೊಟ್ಟ.